ಯಾವ ಬೈಟ್ ಮೊದಲು? ಮೈಕ್ರೊಕಂಟ್ರೋಲರ್ ಕೋಡ್ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸೆನ್ಸರ್ ಹೊಸದು, ವೈರ್ ಸರಿಯಾಗಿದೆ, ಕೋಡ್ ಕಂಪೈಲ್ ಆಗುತ್ತಿದೆ. ಆದರೂ ರೂಮಿನ ಉಷ್ಣತೆ ಮೈನಸ್ 1791 ಡಿಗ್ರಿ ಅಂತ ಬರುತ್ತಿದೆ. ಬೋರ್ಡ್ ಕಳಿಸಿದ್ದನ್ನು ಕಂಪ್ಯೂಟರಿನಲ್ಲಿ ತೋರಿಸುವ ಸೀರಿಯಲ್ ಮಾನಿಟರಿನ ಇಂಥ ಫೋಟೊಗಳು ನನಗೆ ಆಗಾಗ ಬರುತ್ತವೆ. ಜೊತೆಗೆ ‘ಸೆನ್ಸರ್ ಸುಟ್ಟುಹೋಯ್ತಾ?’ ಅನ್ನುವ ಪ್ರಶ್ನೆ. ಸುಟ್ಟಿಲ್ಲ. ಎರಡು ಬೈಟ್ ಅದಲು ಬದಲಾಗಿವೆ, ಅಷ್ಟೇ. ಪ್ರತಿ ಸಲವೂ ಅದನ್ನೇ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಹೆಕ್ಸ್ (ಹತ್ತರ ಬದಲು ಹದಿನಾರರ ಲೆಕ್ಕ, ಎರಡು ಅಂಕಿಗೆ ಒಂದು ಬೈಟ್) ಸಂಖ್ಯೆ ಬಂದ ಕಡೆ ‘ಹೆಕ್ಸ್’ ಅಂತಲೇ ಹೇಳಿದ್ದೇನೆ. 12 34 ಅಂತ ಎರಡೆರಡು ಅಂಕಿ ಬಿಡಿಸಿ ಬರೆದ ಬೈಟುಗಳೂ ಹೆಕ್ಸೇ. ಉಳಿದವು ಮಾಮೂಲಿ ಸಂಖ್ಯೆಗಳು.

ಬೈಟ್ ಆರ್ಡರ್ ಅಂದರೆ ಏನು?

ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ ಸಂಖ್ಯೆ ಮಾತ್ರ ಹಿಡಿಯುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಎರಡೋ ನಾಲ್ಕೋ ಬೈಟ್ ಬೇಕು. ಮೆಮೊರಿಯಲ್ಲಿ ಅವು ಸಾಲುಮನೆಗಳ ಹಾಗೆ ಒಂದರ ಪಕ್ಕ ಒಂದು ಇರುತ್ತವೆ. ಮೊದಲನೇ ಮನೆ ಯಾರಿಗೆ ಅನ್ನುವುದೇ ಬೈಟ್ ಆರ್ಡರ್.

ಹೆಕ್ಸ್ 12345678 ಅನ್ನುವ 32 ಬಿಟ್ ಸಂಖ್ಯೆಯನ್ನು ಅಡ್ರೆಸ್ 100ರಿಂದ ಇಡುತ್ತೀರಿ ಅಂದುಕೊಳ್ಳಿ. ಬಿಗ್ ಎಂಡಿಯನ್ ಚಿಪ್ ಅದನ್ನು 12 34 56 78 ಅಂತ ಇಡುತ್ತದೆ. ಲಿಟಲ್ ಎಂಡಿಯನ್ ಚಿಪ್ 78 56 34 12 ಅಂತ ಇಡುತ್ತದೆ. ಗಮನಿಸಿ, 78 ಅನ್ನುವುದು 87 ಆಗಿಲ್ಲ. ಬೈಟ್ ಒಳಗೆ ಏನೂ ತಿರುಗುವುದಿಲ್ಲ, ಬೈಟುಗಳ ಸಾಲು ಮಾತ್ರ ತಿರುಗುತ್ತದೆ. ಪಿಡಿಪಿ-11 ಅನ್ನುವ ಹಳೆಯ ಕಂಪ್ಯೂಟರ್ ಇದೇ ಸಂಖ್ಯೆಯನ್ನು 34 12 78 56 ಅಂತ ಇಡುತ್ತಿತ್ತು. ಅದು ಸತ್ತರೂ ಅದರ ಭೂತ ಬಿಟ್ಟಿಲ್ಲ. ಮುಂದೆ ಮಾಡ್‌ಬಸ್ (ಮೀಟರ್ ತರಹದ ಉಪಕರಣಗಳು ಮಾತಾಡುವ ಭಾಷೆ) ವಿಷಯದಲ್ಲಿ ಸಿಗುತ್ತದೆ.

ಈ ‘ಎಂಡಿಯನ್’ ಅನ್ನುವ ವಿಚಿತ್ರ ಹೆಸರು ಎಲ್ಲಿಂದ ಬಂತು?

ಮೊಟ್ಟೆಯಿಂದ. ಜೊನಾಥನ್ ಸ್ವಿಫ್ಟ್ 1726ರಲ್ಲಿ ಬರೆದ ಗಲಿವರನ ಕಥೆಯಲ್ಲಿ, ಬೇಯಿಸಿದ ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕು ಅಂತ ಲಿಲಿಪುಟ್ ಜನ ಯುದ್ಧಕ್ಕೇ ಇಳಿಯುತ್ತಾರೆ. ದಪ್ಪ ತುದಿಯವರು ಬಿಗ್ ಎಂಡಿಯನ್ನರು. 1980ರ ಏಪ್ರಿಲ್ 1ರಂದು ಡ್ಯಾನಿ ಕೊಹೆನ್ ಎಂಬ ಕಂಪ್ಯೂಟರ್ ವಿಜ್ಞಾನಿ ಒಂದು ಟಿಪ್ಪಣಿ ಬರೆದು, ಬೈಟ್ ಕ್ರಮದ ಜಗಳಕ್ಕೆ ಅದೇ ಹೆಸರು ಅಂಟಿಸಿದ. ತಾರೀಖು ಮೂರ್ಖರ ದಿನದ್ದು. ಆದರೆ ಟಿಪ್ಪಣಿಯಲ್ಲಿದ್ದ ವಿಷಯ ತಮಾಷೆಯದ್ದಲ್ಲ. ಯಾವ ತುದಿಯಾದರೂ ಆಗಲಿ, ಎಲ್ಲರೂ ಒಂದಕ್ಕೆ ಒಪ್ಪಿಕೊಳ್ಳಿ ಅನ್ನುವುದು ಅವನ ಮಾತಾಗಿತ್ತು. ಯಾರೂ ಒಪ್ಪಲಿಲ್ಲ. ಹಾಗಾಗಿಯೇ ನೀವು ಇದನ್ನು ಓದುತ್ತಿದ್ದೀರಿ.

ಲಿಟಲ್ ಎಂಡಿಯನ್ ಅಂದರೆ ಉಲ್ಟಾ ಅಲ್ವಾ? ಹೀಗೆ ಯಾರು ಬರೆಯುತ್ತಾರೆ?

ನಮ್ಮವರೇ ಬರೆಯುತ್ತಿದ್ದರು. ಸಂಗೀತ ಕಲಿತವರಿಗೆ ಕಟಪಯಾದಿ ಗೊತ್ತಿರುತ್ತದೆ. ಮೇಳಕರ್ತ ರಾಗದ ಹೆಸರಿನ ಮೊದಲ ಎರಡು ಅಕ್ಷರದಲ್ಲೇ ಅದರ ಸಂಖ್ಯೆ ಅಡಗಿದೆ. ಮಾಯಾಮಾಳವಗೌಳ ತಗೊಳ್ಳಿ. ‘ಮ’ ಅಂದರೆ 5, ‘ಯ’ ಅಂದರೆ 1. ಹಾಗಾದರೆ 51ನೇ ಮೇಳವಾ? ಅಲ್ಲ, ತಿರುಗಿಸಿ ಓದಬೇಕು, ಅದು 15ನೇ ಮೇಳ. ಧೀರಶಂಕರಾಭರಣದಲ್ಲಿ ‘ಧ’ 9, ‘ರ’ 2, ಅದು 29. ಬಿಡಿ ಸ್ಥಾನ ಮೊದಲು, ಹತ್ತರ ಸ್ಥಾನ ಆಮೇಲೆ. ಅಚ್ಚುಕಟ್ಟಾದ ಲಿಟಲ್ ಎಂಡಿಯನ್. ಸಂಸ್ಕೃತದ ‘ಪಂಚವಿಂಶತಿ’ಯೂ ಹಾಗೇ, ಐದು ಮೊದಲು, ಇಪ್ಪತ್ತು ಆಮೇಲೆ. ನಮ್ಮ ‘ಇಪ್ಪತ್ತೈದು’ ಬಿಗ್ ಎಂಡಿಯನ್. ತಾರೀಖನ್ನು 15-8-1947 ಅಂತ ಬರೆಯುವಾಗ ನಾವು ಲಿಟಲ್, ಗಡಿಯಾರ ನೋಡಿ 10:30:15 ಅನ್ನುವಾಗ ಬಿಗ್. ದಿನಾ ಎರಡನ್ನೂ ಬಳಸುತ್ತೇವೆ, ತಲೆ ಕೆಡಿಸಿಕೊಳ್ಳುವುದಿಲ್ಲ.

ಚಿಪ್‌ಗೆ ಲಿಟಲ್ ಎಂಡಿಯನ್‌ನಿಂದ ಸಣ್ಣ ಲಾಭವೂ ಇದೆ. ಕೈಯಲ್ಲಿ ಕೂಡುವ ಲೆಕ್ಕ ಮಾಡುವಾಗ ಬಿಡಿ ಸ್ಥಾನದಿಂದ ಶುರು ಮಾಡಿ ದಶಕವನ್ನು ಎಡಕ್ಕೆ ಒಯ್ಯುತ್ತೇವಲ್ಲ, 8 ಬಿಟ್ ಚಿಪ್ ದೊಡ್ಡ ಸಂಖ್ಯೆ ಕೂಡುವಾಗಲೂ ಹಾಗೇ ಮಾಡುತ್ತದೆ. ಲೋ ಬೈಟ್ (ಬಿಡಿ ಸ್ಥಾನದ ಕಡೆಯ ಬೈಟ್, ದೊಡ್ಡ ಸ್ಥಾನದ ಕಡೆಯದು ಹೈ ಬೈಟ್) ಮೊದಲು ಸಿಕ್ಕರೆ ಅದಕ್ಕೆ ಅನುಕೂಲ. ಬಿಗ್ ಎಂಡಿಯನ್‌ನ ಲಾಭ ನಮಗೆ. ಮೆಮೊರಿಯ ಬೈಟುಗಳನ್ನು ಹಾಗೇ ಸಾಲಾಗಿ ಪ್ರಿಂಟ್ ಮಾಡಿ (ಮೆಮೊರಿ ಡಂಪ್) ನೋಡಿದಾಗ ಸಂಖ್ಯೆ ನೇರವಾಗಿ ಕಾಣುತ್ತದೆ.

ನನ್ನ ಬೋರ್ಡ್ ಯಾವುದು?

ಬಹುತೇಕ ಖಂಡಿತ ಲಿಟಲ್. ಆರ್ಡುಯಿನೊ ಊನೊ, ಇಎಸ್‌ಪಿ8266, ಇಎಸ್‌ಪಿ32, ಎಸ್‌ಟಿಎಂ32, ರಾಸ್ಪ್‌ಬೆರಿ ಪೈ ಪಿಕೊ, ಎಂಎಸ್‌ಪಿ430 ಎಲ್ಲವೂ ಲಿಟಲ್. ಬಿಗ್ ಎಂಡಿಯನ್ ಬೇಕಾದರೆ ಹುಡುಕಿಕೊಂಡು ಹೋಗಬೇಕು. ಮೊಟೊರೊಲಾ ವಂಶದ ಹಳೆಯ 68ಎಚ್‌ಸಿ11, ಕಾರುಗಳೊಳಗಿನ ಪವರ್‌ಪಿಸಿ ಚಿಪ್‌ಗಳು, ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂಎಸ್570 ಈ ಗುಂಪಿನವು.

ಆದರೆ ಇದು ತಪ್ಪು ಪ್ರಶ್ನೆ ಅಂತ ನನ್ನ ಅಭಿಪ್ರಾಯ. ಚಿಪ್ ತನ್ನ ಮೆಮೊರಿಯಲ್ಲಿ ಹೇಗೆ ಇಟ್ಟುಕೊಂಡರೆ ನಿಮಗೇನು? ಅದೇ ಇಡುತ್ತದೆ, ಅದೇ ತೆಗೆಯುತ್ತದೆ. ಅಡುಗೆಮನೆ ಡಬ್ಬಗಳನ್ನು ಮನೆಯವರೇ ಜೋಡಿಸಿ ಮನೆಯವರೇ ತೆಗೆಯುವಾಗ ಕ್ರಮ ಯಾವುದಾದರೂ ಅಡುಗೆ ಆಗುತ್ತದೆ. ಜಗಳ ಶುರುವಾಗುವುದು ಹೊಸಿಲಿನಲ್ಲಿ. ಬೈಟುಗಳು ಹೊರಗಿನಿಂದ ಒಳಗೆ ಬರುವಾಗ, ಒಳಗಿನಿಂದ ಹೊರಗೆ ಹೋಗುವಾಗ. ಆಗ ಕೇಳಬೇಕಾದ ಪ್ರಶ್ನೆ ‘ಆ ಕಡೆಯವರು ಯಾವ ಕ್ರಮದಲ್ಲಿ ಕಳಿಸುತ್ತಾರೆ?’ ಅನ್ನುವುದು ಮಾತ್ರ. ಉತ್ತರ ಡೇಟಾಶೀಟಿನಲ್ಲಿದೆ (ತಯಾರಕರು ಕೊಡುವ ವಿವರ ಪುಸ್ತಕ), ನಿಮ್ಮ ಬೋರ್ಡಿನಲ್ಲಿ ಇಲ್ಲ.

ಕಾಲೇಜಿನಲ್ಲಿ 8051 ಕಲಿತೆ. ಅದು ಯಾವ ಗುಂಪು? 8 ಬಿಟ್ ಚಿಪ್‌ಗೆ ಎಂಡಿಯನ್ ಅನ್ನುವುದೇ ಇರುತ್ತದಾ?

ಇದಕ್ಕೆ ಉತ್ತರ ಚೆನ್ನಾಗಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು 8085, ಇಂಟೆಲ್‌ನ ಹಳೆಯ 8 ಬಿಟ್ ಚಿಪ್. ಲ್ಯಾಬಿನ ಕಿಟ್‌ನಲ್ಲಿ ಹೆಕ್ಸ್ ಕೀಗಳನ್ನು ಒತ್ತಿ ಒತ್ತಿ ಪ್ರೋಗ್ರಾಂ ತುಂಬಿದವರಿಗೆ ಬೆರಳಿಗೇ ನೆನಪಿರುತ್ತದೆ. ಎಚ್-ಎಲ್ ಅನ್ನುವ ರಿಜಿಸ್ಟರ್ (ಚಿಪ್ ಒಳಗಿನ ಪುಟ್ಟ ಡಬ್ಬ) ಜೋಡಿಗೆ ಹೆಕ್ಸ್ 4500 ತುಂಬಬೇಕಾದರೆ 21 00 45 ಅಂತ ಒತ್ತಬೇಕು. 00 ಮೊದಲು, 45 ಆಮೇಲೆ. ಅಪ್ಪಟ ಲಿಟಲ್ ಎಂಡಿಯನ್.

ಈಗ 8051. ಅದೂ ಇಂಟೆಲ್‌ನದ್ದೇ, 1980ರದ್ದು. ಡಿಪಿಟಿಆರ್ ಅನ್ನುವ 16 ಬಿಟ್ ರಿಜಿಸ್ಟರಿಗೆ ಹೆಕ್ಸ್ 4500 ತುಂಬುವ ಆದೇಶ 90 45 00. ಇಲ್ಲಿ ಹೈ ಬೈಟ್ ಮೊದಲು! ಬೇರೆ ಜಾಗಕ್ಕೆ ಹಾರುವ ಎಲ್‌ಜಂಪ್, ಹೋಗಿ ವಾಪಸ್ ಬರುವ ಎಲ್‌ಕಾಲ್ ಆದೇಶಗಳ ಅಡ್ರೆಸ್ ಕೂಡ ಹೈ ಬೈಟ್ ಮೊದಲು. ಹಾಗಾದರೆ 8051 ಬಿಗ್ ಎಂಡಿಯನ್ ಅನ್ನೋಣವೇ? ತಡೆಯಿರಿ. ಅದೇ ಡಿಪಿಟಿಆರ್‌ನ ಲೋ ಬೈಟ್ ಹೆಕ್ಸ್ 82ರಲ್ಲಿದೆ, ಹೈ ಬೈಟ್ ಹೆಕ್ಸ್ 83ರಲ್ಲಿದೆ. ಇದು ಲಿಟಲ್. ಎಲ್‌ಕಾಲ್ ಮಾಡಿದಾಗ ವಾಪಸ್ ಬರುವ ಅಡ್ರೆಸ್‌ನ ಲೋ ಬೈಟ್ ಮೊದಲು ಸ್ಟ್ಯಾಕಿಗೆ (ಇಂಥದ್ದನ್ನು ಪೇರಿಸಿಡುವ ಮೆಮೊರಿ) ಹೋಗುತ್ತದೆ. 8051ರ ಸ್ಟ್ಯಾಕ್ ಮೇಲ್ಮುಖವಾಗಿ ಬೆಳೆಯುವುದರಿಂದ ಅದೂ ಲಿಟಲ್. ಒಂದೇ ಚಿಪ್ಪಿನಲ್ಲಿ ಎರಡು ಪದ್ಧತಿ.

ನಿಮ್ಮ ಸಿ ಕೋಡಿನ 16 ಬಿಟ್ ವೇರಿಯಬಲ್ ಹೇಗೆ ಕೂರುತ್ತದೆ ಅನ್ನುವುದನ್ನು ಇಲ್ಲಿ ಚಿಪ್ ತೀರ್ಮಾನ ಮಾಡುವುದಿಲ್ಲ, ಕಂಪೈಲರ್ ಮಾಡುತ್ತದೆ. ಕೈಲ್‌ನ ಸಿ51 ಕಂಪೈಲರ್ ಬಿಗ್ ಎಂಡಿಯನ್ ಆಗಿ ಇಡುತ್ತದೆ. ಉಚಿತವಾಗಿ ಸಿಗುವ ಎಸ್‌ಡಿಸಿಸಿ ಲಿಟಲ್ ಎಂಡಿಯನ್ ಆಗಿ ಇಡುತ್ತದೆ. ಅದೇ ಚಿಪ್, ಅದೇ ಕೋಡ್, ಬೇರೆ ಫಲಿತಾಂಶ. ಲ್ಯಾಬಿನಲ್ಲಿ ಕೈಲ್ ಮೇಲೆ ಓಡಿದ ಯೂನಿಯನ್ (ಒಂದೇ ಜಾಗವನ್ನು ಸಂಖ್ಯೆಯಾಗಿಯೂ ಬೈಟುಗಳಾಗಿಯೂ ಓದುವ ಸಿ ಸೌಲಭ್ಯ) ಮನೆಯಲ್ಲಿ ಎಸ್‌ಡಿಸಿಸಿ ಮೇಲೆ ತಪ್ಪು ಉತ್ತರ ಕೊಟ್ಟರೆ ಕಾರಣ ಇದೇ.

ನನ್ನ ಬೋರ್ಡೂ ಲಿಟಲ್, ಲ್ಯಾಪ್‌ಟಾಪೂ ಲಿಟಲ್. ಮತ್ತೆ ತಲೆನೋವು ಯಾಕೆ?

ನಡುವೆ ಸೆನ್ಸರ್ ಇದೆಯಲ್ಲ! ಒಂದೊಂದು ಸೆನ್ಸರಿನದೂ ಒಂದೊಂದು ದಾರಿ.

ಎಂಪಿಯು6050 ಹೈ ಬೈಟ್ ಮೊದಲು ಕೊಡುತ್ತದೆ. ಎಡಿಎಕ್ಸ್‌ಎಲ್345 ಲೋ ಬೈಟ್ ಮೊದಲು. ಎರಡೂ ಅಕ್ಸೆಲರೊಮೀಟರ್‌ಗಳೇ, ಅಂದರೆ ಚಲನೆ ಮತ್ತು ಓರೆ ಅಳೆಯುವ ಸೆನ್ಸರ್‌ಗಳು. ಡಿಎಸ್18ಬಿ20 ಲೋ ಮೊದಲು, ಡಿಎಚ್‌ಟಿ22 ಹೈ ಮೊದಲು. ಎರಡೂ ಉಷ್ಣತೆ ಅಳೆಯುತ್ತವೆ.

ಇವರೆಲ್ಲರಿಗಿಂತ ದೊಡ್ಡ ಕಿಲಾಡಿ ಬಿಎಂಇ280. ಅಳತೆ ಮಾಡಿದ ಉಷ್ಣತೆ ಮತ್ತು ಒತ್ತಡವನ್ನು ಹೈ ಬೈಟ್ ಮೊದಲು ಮಾಡಿ ಕೊಡುತ್ತದೆ. ಆದರೆ ಆ ಅಳತೆಯನ್ನು ತಿದ್ದಲು ಬೇಕಾಗುವ ಕ್ಯಾಲಿಬ್ರೇಶನ್ ಸಂಖ್ಯೆಗಳಲ್ಲಿ ಲೋ ಬೈಟ್ ಮೊದಲು. ಮೊದಲನೆಯದರ ಲೋ ಬೈಟ್ ಹೆಕ್ಸ್ 88ರಲ್ಲಿ, ಹೈ ಬೈಟ್ ಹೆಕ್ಸ್ 89ರಲ್ಲಿ. ಸಾಲದ್ದಕ್ಕೆ ತೇವಾಂಶದ ಎರಡು ಕ್ಯಾಲಿಬ್ರೇಶನ್ ಸಂಖ್ಯೆಗಳು 12 ಬಿಟ್‌ನವು, ನಡುವಿನ ಒಂದು ಬೈಟನ್ನು ಅರ್ಧರ್ಧ ಹಂಚಿಕೊಂಡಿವೆ. ಹಾಗಾಗಿ ‘ಈ ಸೆನ್ಸರ್ ಬಿಗ್ ಎಂಡಿಯನ್’ ಅಂತ ಒಂದೇ ಮಾತಿನಲ್ಲಿ ಹೇಳಿಬಿಡಬೇಡಿ. ಪ್ರತಿ ರಿಜಿಸ್ಟರಿನ ಸಾಲನ್ನೂ ಓದಿ. ಬೇಜಾರಿನ ಕೆಲಸ ಹೌದು, ಆದರೆ ಹತ್ತು ನಿಮಿಷದ್ದು.

ರೀಡಿಂಗ್ ನೋಡಿಯೇ ಬೈಟ್ ತಿರುಗಿದೆ ಅಂತ ಕಂಡುಹಿಡಿಯಬಹುದಾ?

ಖಂಡಿತ. ನಾಲ್ಕೈದು ಸಲ ಪೆಟ್ಟು ತಿಂದರೆ ನೋಡಿದ ತಕ್ಷಣ ಗೊತ್ತಾಗುತ್ತದೆ.

ಎಂಪಿಯು6050ಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಿ. ಮಾಮೂಲಿ ಸೆಟ್ಟಿಂಗ್‌ನಲ್ಲಿ, ಅಂದರೆ ಪ್ಲಸ್ ಮೈನಸ್ 2 ಜಿ (ಭೂಮಿಯ ಸೆಳೆತದ ಎರಡು ಪಟ್ಟು) ಮಿತಿಯಲ್ಲಿ, ಲಂಬ ದಿಕ್ಕಿನ ರೀಡಿಂಗ್ 16384ರ ಆಸುಪಾಸು ಇರಬೇಕು. ಅದು ಹೆಕ್ಸ್ 4000. ಸ್ವಲ್ಪ ನಡುಕ ಇದ್ದೇ ಇರುತ್ತದೆ. 16384, 16390, 16402 ಅಂತ ಬರುತ್ತಿರುತ್ತದೆ. ಬೈಟ್ ತಿರುಗಿಸಿ ಓದಿದರೆ ಇದೇ ಮೂರು ರೀಡಿಂಗ್ 64, 1600, 4672 ಆಗುತ್ತವೆ. ಬೋರ್ಡ್ ಅಲ್ಲಾಡದೇ ಇದ್ದರೂ ಸಂಖ್ಯೆ ಹುಚ್ಚು ಕುದುರೆಯ ಹಾಗೆ ನೆಗೆಯುತ್ತದೆ. ಆದರೆ ನೆಗೆತಕ್ಕೆ ಒಂದು ಲೆಕ್ಕ ಇದೆ. 1600ರಿಂದ 64 ಕಳೆಯಿರಿ, 1536, ಅದು 256ರ ಆರು ಪಟ್ಟು. 4672ರಿಂದ 1600 ಕಳೆಯಿರಿ, 3072, ಅದು 256ರ ಹನ್ನೆರಡು ಪಟ್ಟು. ರೀಡಿಂಗ್ ಯಾವಾಗಲೂ 256ರ ಪಟ್ಟಿನಲ್ಲೇ ನೆಗೆಯುತ್ತಿದೆ ಅಂದರೆ ಬೇರೆ ಏನೂ ಹುಡುಕಬೇಡಿ. ನಡುಕ ಇರಬೇಕಾದ್ದು ಲೋ ಬೈಟಿನಲ್ಲಿ, ನೀವು ಅದನ್ನು ಹೈ ಬೈಟ್ ಜಾಗದಲ್ಲಿ ಕೂರಿಸಿದ್ದೀರಿ.

ಇನ್ನು ಮೊದಲಲ್ಲಿ ಹೇಳಿದ ಮೈನಸ್ 1791. ಡಿಎಸ್18ಬಿ20 ಉಷ್ಣತೆಯನ್ನು ಹದಿನಾರರಿಂದ ಗುಣಿಸಿ ಕೊಡುತ್ತದೆ. 25 ಡಿಗ್ರಿ ಅಂದರೆ 400, ಅಂದರೆ ಹೆಕ್ಸ್ 0190. ಸೆನ್ಸರ್ 90 01 ಅಂತ ಕಳಿಸುತ್ತದೆ. ಮೊದಲು ಬಂದದ್ದೇ ಹೈ ಬೈಟ್ ಅಂದುಕೊಂಡು ಓದಿದರೆ ಹೆಕ್ಸ್ 9001. ಸೈನ್ಡ್ (ಮೈನಸ್ ಕೂಡ ಇರಬಹುದಾದ) ಸಂಖ್ಯೆಯಾಗಿ ಅದು ಮೈನಸ್ 28671. ಹದಿನಾರರಿಂದ ಭಾಗಿಸಿದರೆ ಮೈನಸ್ 1791.94. ವಿಜ್ಞಾನಕ್ಕೆ ಗೊತ್ತಿರುವ ಅತಿ ಕಡಿಮೆ ಉಷ್ಣತೆ ಮೈನಸ್ 273.15 ಡಿಗ್ರಿ. ಅದಕ್ಕಿಂತ ಕೆಳಗೆ ಹೋಗಿದ್ದೀರಿ, ಶಭಾಷ್.

ಕಾರಿನ ಒಬಿಡಿ ಪೋರ್ಟಿನಲ್ಲಿ (ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚುವ ಸಾಕೆಟ್) ಎಂಜಿನ್ ವೇಗ ಓದುವವರಿಗೂ ಇದೇ ಗತಿ. 800 ಆರ್‌ಪಿಎಂನಲ್ಲಿ ಐಡಲ್ ಓಡುತ್ತಿರುವ ಎಂಜಿನ್ 12, 128 ಅಂತ ಎರಡು ಬೈಟ್ ಕಳಿಸುತ್ತದೆ. 12 ಗುಣಿಸು 256 ಕೂಡಿಸು 128, ಭಾಗಿಸು 4, ಉತ್ತರ 800. ತಿರುಗಿಸಿ ಓದಿದರೆ 8195. ಸಿಗ್ನಲ್‌ನಲ್ಲಿ ನಿಂತ ಕಾರು ರೇಸಿಗೆ ಹೊರಟ ಹಾಗೆ.

ಹಾಗಾದರೆ ಸರಿಯಾಗಿ ಓದುವ ಕೋಡ್ ಹೇಗೆ ಬರೆಯಲಿ?

ಕೈಯಿಂದಲೇ ಜೋಡಿಸಿ. ಎರಡು ಬೈಟ್‌ಗಳನ್ನು ಬೇರೆ ಬೇರೆ ಓದಿಕೊಂಡು ಹೀಗೆ ಬರೆಯಿರಿ:

ಮೌಲ್ಯ = (ಹೈ << 8) | ಲೋ

ಇಷ್ಟೇ. ಇದರಲ್ಲಿ ನಿಮ್ಮ ಚಿಪ್ ಯಾವ ಎಂಡಿಯನ್ ಅನ್ನುವ ಮಾತೇ ಬಂದಿಲ್ಲ ನೋಡಿ. ಶಿಫ್ಟ್ ಅನ್ನುವುದು ಲೆಕ್ಕ, 256ರಿಂದ ಗುಣಿಸಿದ ಹಾಗೆ. ಲೆಕ್ಕ ಎಲ್ಲಾ ಚಿಪ್‌ನಲ್ಲೂ ಒಂದೇ. ಸೆನ್ಸರ್ ಹೈ ಮೊದಲು ಕಳಿಸಿದರೆ ಮೊದಲ ಬೈಟ್ ‘ಹೈ’, ಲೋ ಮೊದಲು ಕಳಿಸಿದರೆ ಮೊದಲ ಬೈಟ್ ‘ಲೋ’. ಕಳಿಸುವಾಗಲೂ ಹೀಗೇ, 8 ಬಿಟ್ ಬಲಕ್ಕೆ ಸರಿಸಿ ಹೈ ಬೈಟ್ ತೆಗೆಯಿರಿ, 255 ಜೊತೆ ಆ್ಯಂಡ್ ಮಾಡಿ ಲೋ ಬೈಟ್ ತೆಗೆಯಿರಿ.

ಇದರಲ್ಲೂ ಒಂದು ಗುಂಡಿ ಇದೆ. ಊನೊ ಮೇಲೆ ಇಂಟ್ ಅಂದರೆ 16 ಬಿಟ್. ಒಂದು ಬೈಟನ್ನು ನೇರವಾಗಿ 24 ಬಿಟ್ ಎಡಕ್ಕೆ ಶಿಫ್ಟ್ ಮಾಡಿದರೆ ಅದು ಅಂಚಿನಿಂದಾಚೆ ಬಿದ್ದುಹೋಗುತ್ತದೆ. ಇಎಸ್‌ಪಿ32ರಲ್ಲಿ ಇಂಟ್ 32 ಬಿಟ್, ಅಲ್ಲಿ ಅದೇ ಸಾಲು ಸರಿಯಾಗಿ ಓಡುತ್ತದೆ. ‘ಇಎಸ್‌ಪಿ32ರಲ್ಲಿ ಓಡುತ್ತೆ, ಊನೊದಲ್ಲಿ ಓಡಲ್ಲ’ ಅನ್ನುವ ದೂರು ಬಂದಾಗ ಜನ ಎಂಡಿಯನ್ ಮೇಲೆ ಅನುಮಾನ ಪಡುತ್ತಾರೆ. ಎರಡೂ ಲಿಟಲ್ ಎಂಡಿಯನ್, ಅನುಮಾನಕ್ಕೆ ಅರ್ಥವೇ ಇಲ್ಲ. ಶಿಫ್ಟ್ ಮಾಡುವ ಮೊದಲೇ ಬೈಟನ್ನು 32 ಬಿಟ್ ಅನ್‌ಸೈನ್ಡ್‌ಗೆ ಕಾಸ್ಟ್ ಮಾಡಿ. ಶಿಫ್ಟ್ ಆದ ಮೇಲೆ ಮಾಡಿದರೆ ಪ್ರಯೋಜನ ಇಲ್ಲ, ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ.

ಬಫರ್ ಮೇಲೆ ಪಾಯಿಂಟರ್ ಕಾಸ್ಟ್ ಮಾಡಿದರೆ, ಅಥವಾ ಸ್ಟ್ರಕ್ಟ್ ಇಟ್ಟರೆ, ಒಂದೇ ಸಾಲಿನಲ್ಲಿ ಮುಗಿಯುತ್ತಲ್ಲ?

ಮುಗಿಯುತ್ತದೆ, ಕೆಲವು ಸಲ ನಿಮ್ಮ ಬೋರ್ಡೇ ಮುಗಿಯುತ್ತದೆ. ಕಾರ್ಟೆಕ್ಸ್ ಎಂ0 ಚಿಪ್‌ನಲ್ಲಿ ಬೆಸ ಅಡ್ರೆಸ್‌ನಿಂದ 32 ಬಿಟ್ ಓದಲು ಹೋದರೆ ನೇರ ಹಾರ್ಡ್‌ಫಾಲ್ಟ್, ಪ್ರೋಗ್ರಾಂ ಅಲ್ಲೇ ನಿಂತುಹೋಗುತ್ತದೆ. ಎಂ4 ಸುಮ್ನೆ ಓದಿ ಕೊಡುತ್ತದೆ. ಹಾಗಾಗಿ ಎಂ4 ಬೋರ್ಡಿನಲ್ಲಿ ತಿಂಗಳುಗಟ್ಟಲೆ ಓಡಿದ ಕೋಡ್, ದುಡ್ಡು ಉಳಿಸಲು ಎಂ0ಗೆ ಬಂದ ದಿನ ಸಾಯುತ್ತದೆ. ಸ್ಟ್ರಕ್ಟ್ ಆದರೆ ಕಂಪೈಲರ್ ನಡುವೆ ಖಾಲಿ ಬೈಟ್ ತುರುಕಬಹುದು. ಬಿಟ್‌ಫೀಲ್ಡ್‌ಗಳ ಕ್ರಮವನ್ನಂತೂ ಸಿ ಭಾಷೆ ಕಂಪೈಲರಿಗೇ ಬಿಟ್ಟಿದೆ. ಎರಡು ಸಾಲು ಜಾಸ್ತಿ ಬರೆಯಿರಿ, ರಾತ್ರಿ ನಿದ್ದೆ ಬರುತ್ತದೆ.

ವೇಗದ ಚಿಂತೆಯೂ ಬೇಡ. ಇವತ್ತಿನ ಕಂಪೈಲರ್‌ಗಳು ಶಿಫ್ಟ್ ಸಾಲುಗಳನ್ನು ಗುರುತಿಸಿ ಎಷ್ಟೋ ಸಲ ಒಂದೇ ಆದೇಶಕ್ಕೆ ಇಳಿಸುತ್ತವೆ. ಕಾರ್ಟೆಕ್ಸ್ ಎಂ ಚಿಪ್‌ಗಳಲ್ಲಿ ಬೈಟ್ ತಿರುಗಿಸಲು ‘ರೆವ್’ ಅನ್ನುವ ಆದೇಶವೇ ಇದೆ.

ಕಂಪಾಸ್ ಮಾಡ್ಯೂಲ್ ತಂದೆ. ಲೈಬ್ರರಿ ಹಾಕಿದರೂ ದಿಕ್ಕು ಸರಿ ಬರುತ್ತಿಲ್ಲ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ಆನ್‌ಲೈನಿನಲ್ಲೋ ನೀಲಿ ಬಣ್ಣದ ಪುಟ್ಟ ಬೋರ್ಡ್ ತಂದಿರುತ್ತೀರಿ. ಅದರ ಹೆಸರಿನಲ್ಲಿ ಎಚ್‌ಎಂಸಿ5883ಎಲ್ ಅಂತ ಇರುತ್ತದೆ. ಒಳಗಿರುವ ಚಿಪ್ ಎಷ್ಟೋ ಸಲ ಕ್ಯೂಎಂಸಿ5883ಎಲ್. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ, ಒಳಗೆ ಎಲ್ಲವೂ ಬೇರೆ. ಎಚ್‌ಎಂಸಿ ಹೈ ಬೈಟ್ ಮೊದಲು ಕೊಡುತ್ತದೆ, ಅದೂ ಎಕ್ಸ್, ಝಡ್, ವೈ ಅನ್ನುವ ಕ್ರಮದಲ್ಲಿ. ಕ್ಯೂಎಂಸಿ ಲೋ ಬೈಟ್ ಮೊದಲು ಕೊಡುತ್ತದೆ, ಎಕ್ಸ್, ವೈ, ಝಡ್ ಕ್ರಮದಲ್ಲಿ. ರಿಜಿಸ್ಟರ್ ನಂಬರ್‌ಗಳೂ ಬೇರೆ.

ಪತ್ತೆ ಮಾಡುವುದು ಸುಲಭ. ಐ2ಸಿ ಸ್ಕ್ಯಾನರ್ (ಸೆನ್ಸರ್ ತಂತಿಗಳ ಮೇಲೆ ಯಾವ ಅಡ್ರೆಸ್‌ನಲ್ಲಿ ಚಿಪ್ ಇದೆ ಅಂತ ಹುಡುಕುವ ಪುಟ್ಟ ಕೋಡ್) ಓಡಿಸಿ. ಅಡ್ರೆಸ್ 30 ಬಂದರೆ ಎಚ್‌ಎಂಸಿ, 13 ಬಂದರೆ ಕ್ಯೂಎಂಸಿ. ಇವು ಮಾಮೂಲಿ ಸಂಖ್ಯೆಗಳು, ನಿಮ್ಮ ಸ್ಕ್ಯಾನರ್ ಹೆಕ್ಸ್‌ನಲ್ಲಿ ತೋರಿಸಬಹುದು. ನಾನು ಒಂದು ಭಾನುವಾರ ಪೂರ್ತಿ ಲೈಬ್ರರಿಯ ಬೈಟ್‌ಗಳನ್ನು ತಿರುಗಿಸಿ ನೋಡಿದ ಮೇಲೆ ಸ್ಕ್ಯಾನರ್ ಓಡಿಸಿದೆ. ನೀವು ಮೊದಲೇ ಓಡಿಸಿ.

ಮಾಡ್‌ಬಸ್ ಮೀಟರಿನಲ್ಲಿ ವೋಲ್ಟೇಜ್ 0.00 ಅಂತ ಬರುತ್ತಿದೆ. ಮೀಟರಿನ ಪರದೆಯಲ್ಲಿ 230 ಅಂತಲೇ ಇದೆ.

ಈ ಪ್ರಶ್ನೆಗೆ ನಾನು ಬೆವರು ಸುರಿಸಿ ಉತ್ತರ ಕಲಿತಿದ್ದೇನೆ.

ಒಂದು ಅಕ್ಕಿ ಗಿರಣಿಯಲ್ಲಿ ಕರೆಂಟ್ ಮೀಟರನ್ನು ಬೋರ್ಡಿಗೆ ಜೋಡಿಸುವ ಕೆಲಸ. ಮೀಟರ್ ಆರ್‌ಎಸ್485 ಅನ್ನುವ ತಂತಿ ಜೋಡಿಯ ಮೇಲೆ ಮಾಡ್‌ಬಸ್ ಮಾತಾಡುತ್ತದೆ. ನನ್ನ ಪರದೆಯಲ್ಲಿ ಒಂದು ಸಲ 0.00 ಬರುತ್ತದೆ, ಮರುಕ್ಷಣ 27ರ ಮುಂದೆ 22 ಸೊನ್ನೆ ಹಾಕಿದಷ್ಟು ದೊಡ್ಡ ಸಂಖ್ಯೆ. ಲೂಸ್ ಕನೆಕ್ಷನ್ ಅಂದುಕೊಂಡೆ. ಎ ಮತ್ತು ಬಿ ವೈರ್ ಅದಲು ಬದಲು ಮಾಡಿದೆ. ಕೊನೆಯಲ್ಲಿ 120 ಓಮ್ ರೆಸಿಸ್ಟರ್ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಹೊಟ್ಟಿನ ಧೂಳಿನಲ್ಲಿ ಅರ್ಧ ದಿನ ಹೋಯಿತು. ಸಿಆರ್‌ಸಿ (ಬೈಟುಗಳು ದಾರಿಯಲ್ಲಿ ಕೆಟ್ಟಿವೆಯಾ ಅಂತ ನೋಡುವ ಪರೀಕ್ಷಾ ಸಂಖ್ಯೆ) ಸರಿ ಬರುತ್ತಿದೆ ಅಂದ ಮೇಲೆ ವೈರಿನ ತಪ್ಪಲ್ಲ ಅನ್ನುವಷ್ಟು ಬುದ್ಧಿ ಆಗ ಓಡಲಿಲ್ಲ.

ಕೊನೆಗೆ ಬಂದ ಬೈಟುಗಳನ್ನು ಹಾಗೆಯೇ ಪ್ರಿಂಟ್ ಮಾಡಿ ನೋಡಿದೆ. ಡೇಟಾ ಜಾಗದಲ್ಲಿ ಹೆಕ್ಸ್ 00 00 43 66. ಇನ್ನೊಂದು ಸಲ 66 66 43 67.

230.0 ಅನ್ನುವ ಫ್ಲೋಟ್ (ದಶಾಂಶ ಸಂಖ್ಯೆ) ಹೆಕ್ಸ್‌ನಲ್ಲಿ 43660000. 231.4 ಅನ್ನುವುದು 43676666. ಮೀಟರ್ ಸರಿಯಾಗಿಯೇ ಅಳೆದಿತ್ತು. ಎರಡು ರಿಜಿಸ್ಟರ್‌ಗಳನ್ನು ಹಿಂದು ಮುಂದು ಮಾಡಿ ಕಳಿಸುತ್ತಿತ್ತು, ಅಷ್ಟೇ. ಹೆಕ್ಸ್ 00004366 ಅನ್ನು ಫ್ಲೋಟ್ ಆಗಿ ಓದಿದರೆ ಸೊನ್ನೆಗೆ ಅಂಟಿಕೊಂಡ ಸಣ್ಣ ಸಂಖ್ಯೆ, ಪರದೆಯಲ್ಲಿ 0.00. ಹೆಕ್ಸ್ 66664367 ಓದಿದರೆ ಆ ಭಾರಿ ಸಂಖ್ಯೆ.

ಇದು ಯಾಕೆ ಹೀಗೆ ಅಂದರೆ, ಮಾಡ್‌ಬಸ್ 1979ರದ್ದು. ಒಂದು ರಿಜಿಸ್ಟರ್ 16 ಬಿಟ್, ಅದರೊಳಗೆ ಹೈ ಬೈಟ್ ಮೊದಲು ಅಂತ ನಿಯಮ ಇದೆ. 32 ಬಿಟ್ ಸಂಖ್ಯೆಯನ್ನು ಎರಡು ರಿಜಿಸ್ಟರ್‌ನಲ್ಲಿ ಹೇಗೆ ಹಂಚಬೇಕು ಅನ್ನುವುದಕ್ಕೆ ನಿಯಮ ಇಲ್ಲ. ಹಾಗಾಗಿ ಒಬ್ಬೊಬ್ಬ ತಯಾರಕರದ್ದು ಒಂದೊಂದು ಪದ್ಧತಿ. ಮಾಡ್‌ಬಸ್ ಸಾಫ್ಟ್‌ವೇರ್‌ಗಳಲ್ಲಿ ಎಬಿಸಿಡಿ, ಸಿಡಿಎಬಿ, ಬಿಎಡಿಸಿ, ಡಿಸಿಬಿಎ ಅಂತ ನಾಲ್ಕು ಆಯ್ಕೆ ಇರುವುದು ಇದಕ್ಕೇ. ಎ ಅಂದರೆ ಅತಿ ಹೈ ಬೈಟ್, ಡಿ ಅಂದರೆ ಅತಿ ಲೋ ಬೈಟ್. ನನ್ನ ಗಿರಣಿ ಮೀಟರ್ ಸಿಡಿಎಬಿ. ಪಿಡಿಪಿ-11ರ ಭೂತ ಅಂದೆನಲ್ಲ, ಅದು ಬಿಎಡಿಸಿ. ಇಷ್ಟು ಸಾಲದು ಅಂತ, ಫ್ರೇಮಿನ ಕೊನೆಯ ಸಿಆರ್‌ಸಿಯಲ್ಲಿ ಮಾತ್ರ ಲೋ ಬೈಟ್ ಮೊದಲು. ಒಂದೇ ಫ್ರೇಮಿನಲ್ಲಿ ಎರಡು ಕ್ರಮ.

ಫ್ಲೋಟ್ ಕಳಿಸುವ ಹೊಸ ಮೀಟರ್ ಕೈಗೆ ಬಂದರೆ ಮೊದಲು ವೋಲ್ಟೇಜ್ ಓದಿ. ನಮ್ಮಲ್ಲಿ ಸಿಂಗಲ್ ಫೇಸ್ ವೋಲ್ಟೇಜ್ ಹೆಚ್ಚು ಕಡಿಮೆ 230ರ ಸುತ್ತ ಇರುತ್ತದೆ. ಅಂದರೆ ನಾಲ್ಕು ಬೈಟಿನಲ್ಲಿ ಒಂದು ಹೆಕ್ಸ್ 43 ಆಗಿರಲೇಬೇಕು. 43 ಎಲ್ಲಿ ಕೂತಿದೆ ಅಂತ ಹುಡುಕಿ. ಮೊದಲನೇ ಜಾಗದಲ್ಲಿದ್ದರೆ ಎಬಿಸಿಡಿ, ಎರಡನೆಯದರಲ್ಲಿದ್ದರೆ ಬಿಎಡಿಸಿ, ಮೂರನೆಯದಾದರೆ ಸಿಡಿಎಬಿ, ನಾಲ್ಕನೆಯದಾದರೆ ಡಿಸಿಬಿಎ. ಮ್ಯಾನುಯಲ್ ಕಳೆದುಹೋಗಿದ್ದರೂ ಪರವಾಗಿಲ್ಲ.

ಟಿಎಫ್‌ಟಿ ಡಿಸ್‌ಪ್ಲೇನಲ್ಲಿ ಅಕ್ಷರ ಚೆನ್ನಾಗಿದೆ, ಬಣ್ಣ ಮಾತ್ರ ತಪ್ಪು. ಇದಕ್ಕೂ ಬೈಟ್ ಆರ್ಡರ್ ಕಾರಣವಾ?

ಇರಬಹುದು. ಐಎಲ್‌ಐ9341, ಎಸ್‌ಟಿ7735 ತರಹದ ಡಿಸ್‌ಪ್ಲೇಗಳಿಗೆ ಒಂದು ಚುಕ್ಕೆಗೆ ಎರಡು ಬೈಟ್. ಕೆಂಪಿಗೆ 5 ಬಿಟ್, ಹಸಿರಿಗೆ 6, ನೀಲಿಗೆ 5. ಹೈ ಬೈಟ್ ಮೊದಲು ಹೋಗಬೇಕು. ಲಿಟಲ್ ಎಂಡಿಯನ್ ಚಿಪ್‌ನ ಮೆಮೊರಿಯಿಂದ ಡಿಎಂಎ (ಪ್ರೋಗ್ರಾಂ ಕೈ ಹಾಕದೆಯೇ ಬೈಟ್ ಸಾಗಿಸುವ ಭಾಗ) ಹಾಗೇ ಸುರಿದರೆ ಲೋ ಬೈಟ್ ಮೊದಲು ಹೋಗುತ್ತದೆ.

ಅಚ್ಚ ಕೆಂಪು ಅಂದರೆ 11111 000000 00000. ಬೈಟ್ ತಿರುಗಿಸಿದರೆ ಅದು 00000 000111 11000 ಆಗುತ್ತದೆ, ಕಾಣುವುದು ನೀಲಿ. ನೀಲಿ ಕಳಿಸಿದರೆ ಹಸಿರು ಕಾಣುತ್ತದೆ. ಹಸಿರು ಕಳಿಸಿದರೆ ಕೆಂಪು. ಬಿಳಿ ಅಂದರೆ ಎಲ್ಲಾ 1, ಕಪ್ಪು ಅಂದರೆ ಎಲ್ಲಾ 0. ಹೇಗೆ ತಿರುಗಿಸಿದರೂ ಅವು ಬದಲಾಗುವುದಿಲ್ಲ. ಅದಕ್ಕೇ ಕಪ್ಪಿನ ಮೇಲಿನ ಬಿಳಿ ಅಕ್ಷರ ಚೆನ್ನಾಗಿ ಕಾಣುತ್ತದೆ.

ಇನ್ನೊಂದು ತಪ್ಪಿದೆ, ಕೆಂಪು ಮತ್ತು ನೀಲಿ ಮಾತ್ರ ಅದಲು ಬದಲಾಗುವುದು. ಅದು ಡಿಸ್‌ಪ್ಲೇಯ ಬಣ್ಣದ ಕ್ರಮದ ಸೆಟ್ಟಿಂಗ್, ಬೈಟ್ ಆರ್ಡರ್ ಅಲ್ಲ. ಗುರುತಿಸಲು ಹಸಿರು ತುಂಬಿ ನೋಡಿ. ಹಸಿರು ಹಸಿರಾಗೇ ಇದ್ದರೆ ಬಣ್ಣದ ಕ್ರಮ, ಕೆಂಪಾದರೆ ಬೈಟ್ ಕ್ರಮ.

ಲೋರಾವಾನ್ ನೋಡ್ ಜಾಯಿನ್ ಆಗುತ್ತಲೇ ಇಲ್ಲ. ಕೀ ಸರಿಯಾಗೇ ಕಾಪಿ ಮಾಡಿದ್ದೇನೆ.

ಲೋರಾವಾನ್ ಅಂದರೆ ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಕಳಿಸುವ ರೇಡಿಯೊ ಜಾಲ. ನಮ್ಮ ದೇಶದ 865 ಮೆಗಾಹರ್ಟ್ಸ್ ಬ್ಯಾಂಡ್ ಸರಿಯಾಗಿ ಹಾಕಿದ್ದೀರಿ ಅಂದುಕೊಳ್ಳುತ್ತೇನೆ. ಆರ್ಡುಯಿನೊದ ಎಲ್‌ಎಂಐಸಿ ಲೈಬ್ರರಿ ಬಳಸುತ್ತಿದ್ದರೆ ಅದರ ಉದಾಹರಣೆ ಕೋಡಿನ ಕಾಮೆಂಟ್ ಓದಿ. ಡಿವೈಸ್ ಇಯುಐ ಮತ್ತು ಆ್ಯಪ್ ಇಯುಐ ಅನ್ನುವ ಗುರುತಿನ ಸಂಖ್ಯೆಗಳನ್ನು ಲೋ ಬೈಟ್ ಮೊದಲು ಮಾಡಿ ಬರೆಯಬೇಕು. ಆ್ಯಪ್ ಕೀಯನ್ನು ಮಾತ್ರ ಹೈ ಬೈಟ್ ಮೊದಲು. ಮೂರನ್ನೂ ಒಂದೇ ತರಹ ಅಂಟಿಸಿದರೆ ನೆಟ್‌ವರ್ಕ್ ಸರ್ವರ್ ನಿಮ್ಮನ್ನು ಗುರುತೇ ಹಿಡಿಯುವುದಿಲ್ಲ. ಎರರ್ ಕೂಡ ಬರುವುದಿಲ್ಲ, ಸುಮ್ನೆ ಮೌನ.

ನೆಟ್‌ವರ್ಕ್ ಬೈಟ್ ಆರ್ಡರ್ ಅಂತಾರಲ್ಲ, ಅದೇನು?

ಇಂಟರ್‌ನೆಟ್ ಪ್ರೋಟೊಕಾಲ್‌ಗಳ ಹೆಡರ್‌ನಲ್ಲಿ ಹೈ ಬೈಟ್ ಮೊದಲು, ಅಂದರೆ ಬಿಗ್ ಎಂಡಿಯನ್. ಲೈಬ್ರರಿಯ ಕ್ಲೈಂಟ್ ಬಳಸಿದರೆ ಅದೇ ನೋಡಿಕೊಳ್ಳುತ್ತದೆ. ನೀವೇ ಸಾಕೆಟ್ ತೆರೆದು ಪೋರ್ಟ್ ನಂಬರನ್ನು ತಿರುಗಿಸದೆ ತುಂಬಿದರೆ ಪೋರ್ಟ್ 80 ಹೋಗಿ 20480 ಆಗುತ್ತದೆ. ಅಲ್ಲಿ ಬಾಗಿಲು ತೆರೆಯುವವರು ಯಾರೂ ಇರುವುದಿಲ್ಲ. ಬ್ಲೂಟೂತ್ ಎಲ್‌ಇ ಇದಕ್ಕೆ ತದ್ವಿರುದ್ಧ, ಅದು ಲಿಟಲ್.

ಎಸ್‌ಪಿಐ ಸೆಟ್ಟಿಂಗ್‌ನಲ್ಲಿ ‘ಎಂಎಸ್‌ಬಿ ಫಸ್ಟ್’ ಅಂತ ಇದೆ. ಅದನ್ನು ಬದಲಾಯಿಸಿದರೆ ಸರಿಹೋಗುತ್ತದಾ?

ಇಲ್ಲ, ಮುಟ್ಟಬೇಡಿ. ಆ ‘ಬಿ’ ಅಂದರೆ ಬಿಟ್, ಬೈಟ್ ಅಲ್ಲ. ಒಂದು ಬೈಟಿನ ಎಂಟು ಬಿಟ್‌ಗಳಲ್ಲಿ ಯಾವುದು ತಂತಿಯ ಮೇಲೆ ಮೊದಲು ಹೋಗಬೇಕು ಅನ್ನುವ ಸೆಟ್ಟಿಂಗ್ ಅದು. ಎಸ್‌ಪಿಐ ತರಹವೇ ತಂತಿಯಲ್ಲಿ ಬಿಟ್ ಸಾಗಿಸುವ ಯುಎಆರ್‌ಟಿ ಲೋ ಬಿಟ್ ಮೊದಲು ಕಳಿಸುತ್ತದೆ, ಐ2ಸಿ ಹೈ ಬಿಟ್ ಮೊದಲು. ಎರಡೂ ಕಡೆ ಹಾರ್ಡ್‌ವೇರ್ ನಿಮಗೆ ಪೂರ್ತಿ ಬೈಟನ್ನೇ ಕೈಗಿಡುತ್ತದೆ. ಬಿಟ್ ಕ್ರಮ ಬದಲಿಸಿದರೆ ಹೆಕ್ಸ್ 12 ಹೋಗಿ ಹೆಕ್ಸ್ 48 ಆಗುತ್ತದೆ, ಬೈಟುಗಳ ಕ್ರಮ ಇದ್ದಲ್ಲೇ ಇರುತ್ತದೆ. ಒಂದು ರೋಗಕ್ಕೆ ಇನ್ನೊಂದು ರೋಗದ ಮಾತ್ರೆ.

ಊನೊದ 16 ಬಿಟ್ ಟೈಮರನ್ನು ಎರಡು ಬೈಟಾಗಿ ಓದಿದರೆ ಕೆಲವೊಮ್ಮೆ ತಪ್ಪು ಬರುತ್ತದೆ.

ಇಲ್ಲಿ ‘ಮೊದಲು’ ಅನ್ನುವುದಕ್ಕೆ ಅರ್ಥವೇ ಬೇರೆ. ಟೈಮರ್ ಓಡುತ್ತಲೇ ಇರುತ್ತದೆ. ಒಂದು ಬೈಟ್ ಓದಿ ಇನ್ನೊಂದನ್ನು ಓದುವಷ್ಟರಲ್ಲಿ ಹೆಕ್ಸ್ 12FF ಇದ್ದದ್ದು ಹೆಕ್ಸ್ 1300 ದಾಟಿರಬಹುದು. ಅದಕ್ಕೆ ಎಟಿಮೆಗಾ328ಪಿ ಚಿಪ್‌ನಲ್ಲಿ ಒಂದು ತಾತ್ಕಾಲಿಕ ರಿಜಿಸ್ಟರ್ ಇಟ್ಟಿದ್ದಾರೆ. ಓದುವಾಗ ಲೋ ಬೈಟ್ ಮೊದಲು ಓದಬೇಕು, ಅದೇ ಕ್ಷಣಕ್ಕೆ ಹೈ ಬೈಟ್ ಆ ರಿಜಿಸ್ಟರಿಗೆ ಬಂದು ಕೂರುತ್ತದೆ. ಬರೆಯುವಾಗ ಹೈ ಬೈಟ್ ಮೊದಲು. 16 ಬಿಟ್ ಹೆಸರಿನಿಂದಲೇ ಓದಿದರೆ ಕಂಪೈಲರ್ ಈ ಕ್ರಮ ಪಾಲಿಸುತ್ತದೆ. ನಡುವೆ ಇಂಟರಪ್ಟ್ (ಓಡುತ್ತಿರುವ ಕೋಡನ್ನು ತಡೆದು ನುಗ್ಗುವ ತುರ್ತು ಕೋಡ್) ಬಂದು ಅದೂ ಇಂಥದ್ದೇ 16 ಬಿಟ್ ಟೈಮರ್ ರಿಜಿಸ್ಟರ್ ಮುಟ್ಟಿದರೆ ಕೆಡುತ್ತದೆ. ಓದುವಷ್ಟು ಹೊತ್ತು ಇಂಟರಪ್ಟ್ ನಿಲ್ಲಿಸಿ.

ಕೋಡ್ ಬರೆದಾಯಿತು. ಯಾವ ಸಂಖ್ಯೆ ಹಾಕಿ ಟೆಸ್ಟ್ ಮಾಡಲಿ?

0 ಹಾಕಬೇಡಿ. 257 ಹಾಕಬೇಡಿ, ಅದು ಹೆಕ್ಸ್ 0101, ತಿರುಗಿಸಿದರೂ ಅದೇ. ಮೈನಸ್ 1 ಕೂಡ ಬೇಡ, ಅದರ ಎರಡೂ ಬೈಟ್ ಒಂದೇ ತರಹ. ಇಂಥ ಸಂಖ್ಯೆ ಹಾಕಿ ‘ಪಾಸ್’ ಅಂತ ಬರೆದ ಟೆಸ್ಟ್‌ಗಳನ್ನು ನಾನೂ ಬರೆದಿದ್ದೇನೆ, ನಾಚಿಕೆಯಿಂದ ಹೇಳುತ್ತಿದ್ದೇನೆ.

16 ಬಿಟ್‌ಗೆ 4660 ಹಾಕಿ, ಅದು ಹೆಕ್ಸ್ 1234. ತಿರುಗಿದ್ದರೆ 13330 ಬರುತ್ತದೆ. ನೆಗೆಟಿವ್‌ಗೆ ಮೈನಸ್ 2, ತಿರುಗಿದ್ದರೆ ಮೈನಸ್ 257. 32 ಬಿಟ್‌ಗೆ 305419896, ತಿರುಗಿದ್ದರೆ 2018915346. ಈ ಜೋಡಿಗಳನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿಕೊಳ್ಳಿ. ಸೀರಿಯಲ್ ಮಾನಿಟರಿನಲ್ಲಿ 13330 ಕಂಡ ದಿನ ಸೋಲ್ಡರಿಂಗ್ ಐರನ್ ಬಿಸಿ ಮಾಡಬೇಡಿ, ಡೇಟಾಶೀಟಿನ ರಿಜಿಸ್ಟರ್ ಪುಟ ತೆಗೆಯಿರಿ.